ಪೋಸಿಗೊಂದು ಥ್ಯಾಂಕ್ಸ್, ಅವನ ಮೊಣಕಾಲಿಗೆ ಇನ್ನೊಂದು

ಬೇಸ್‌ಬಾಲ್ ಆಟಗಾರ ಬಸ್ಟರ್ ಪೋಸಿ ಈ ವರ್ಷ, 2021ರ ನವೆಂಬರ್ 4ರಂದು, ಆಟ ಬಿಟ್ಟ. ವಯಸ್ಸು ಬರೀ 34. ಈ ವರ್ಷ ಅವನ ಬ್ಯಾಟಿಂಗ್ ಸರಾಸರಿ .304, ಅಂದರೆ ಸಾವಿರಕ್ಕೆ 304 ಯಶಸ್ವಿ ಹೊಡೆತ (ಹಿಟ್). ಕ್ರಿಕೆಟ್‌ನ ಸಿಕ್ಸರ್‌ನಂಥ ಹೋಮ್ ರನ್ 18. ಅವನ ತಂಡ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ 107 ಪಂದ್ಯ ಗೆದ್ದು ತನ್ನದೇ ದಾಖಲೆ ಮುರಿಯಿತು. ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಲು ತಂಡ ತಯಾರಿತ್ತು, 2.2 ಕೋಟಿ ಡಾಲರ್ ಸಂಬಳ. ಬೇಡ ಅಂದ. ನಮ್ಮ ಬೇ ಏರಿಯಾ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ "ಇವನಿಗೇನು ತಲೆ ಕೆಟ್ಟಿದೆಯಾ?" ಅಂತ ಕೇಳಿದವರೂ ಇದ್ದರು. ನನಗೆ ಮಾತ್ರ ಅವನಿಗೆ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು. ಅವನು ಇದನ್ನು ಓದುವುದಿಲ್ಲ ಬಿಡಿ. ನೀವು ಓದಿ.

ಬೇಸ್‌ಬಾಲ್ ನೋಡದವರಿಗೆ ಸ್ವಲ್ಪ ಹೇಳಬೇಕು. ಕ್ಯಾಚರ್ ಅಂದರೆ ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು. ನಮ್ಮ ಕಿರ್ಮಾನಿ ನಿಲ್ಲುತ್ತಿದ್ದ ಜಾಗ ಅಂದುಕೊಳ್ಳಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಕ್ಯಾಚರ್‌ಗೆ ಅನ್ಯಾಯ. ಯಾವ ಚೆಂಡು ಎಸೆಯಬೇಕು ಅಂತ ಪಿಚರ್‌ಗೆ ಸೂಚಿಸುವವನೇ ಇವನು. ಪೋಸಿ ಆಡುವಾಗ ತೊಡೆಗಳ ನಡುವೆ ಬೆರಳು ತೋರಿಸಿ ಹೇಳುತ್ತಿದ್ದ. ಸಾಮಾನ್ಯವಾಗಿ ಒಂದು ಬೆರಳು ಅಂದರೆ ಫಾಸ್ಟ್‌ಬಾಲ್, ಎರಡು ಅಂದರೆ ಬಾಗಿ ಬರುವ ಕರ್ವ್. ಎದುರು ತಂಡದವನು ಎರಡನೇ ಬೇಸ್‌ನಲ್ಲಿ (ಪಿಚರ್ ಬೆನ್ನ ಹಿಂದಿನ ನಿಲ್ದಾಣ) ನಿಂತಿದ್ದರೆ ಅವನಿಗೂ ಆ ಬೆರಳು ಕಾಣುತ್ತಿತ್ತು. ಆಗ ಲೆಕ್ಕವನ್ನೇ ಬದಲಿಸಬೇಕಿತ್ತು. ಪಿಚರ್ ನಿಲ್ಲುವುದು 60 ಅಡಿ 6 ಇಂಚು ದೂರದಲ್ಲಿ, ಚೆಂಡು ಬರುವುದು ಗಂಟೆಗೆ 95 ಮೈಲಿ ವೇಗದಲ್ಲಿ. ಅಂಚಿಗೆ ಬಂದ ಚೆಂಡನ್ನು ಗ್ಲೌಸ್ ಅಲುಗಿಸದೆ ಹಿಡಿದರೆ ಅಂಪೈರ್ ಸ್ಟ್ರೈಕ್ ಕೊಡುತ್ತಾರೆ (ಮೂರಾದರೆ ಬ್ಯಾಟ್ ಹಿಡಿದವನು ಔಟ್), ಕೈ ಸ್ವಲ್ಪ ಆಚೆ ಜಾರಿದರೂ ಬಾಲ್, ಅಂದರೆ ತಪ್ಪಿದ ಎಸೆತ. ಇದಕ್ಕೆ ಫ್ರೇಮಿಂಗ್ ಅನ್ನುತ್ತಾರೆ. ಇದರಲ್ಲಿ ಪೋಸಿ ಪಳಗಿದ ಕೈ. ಮೈದಾನದಲ್ಲಿರುವ ಒಂಬತ್ತು ಜನರಲ್ಲಿ ಉಳಿದ ಎಂಟು ಮಂದಿಯ ಮುಖ ನೋಡುತ್ತಾ ಕೂತಿರುವವನು ಇವನೊಬ್ಬನೇ. ಟಿವಿಯಲ್ಲಿ ನಮಗೆ ಜಾಸ್ತಿ ಕಾಣುವುದು ಇವನ ಗ್ಲೌಸು ಮತ್ತು ಮಾಸ್ಕು.

ಜಾರ್ಜಿಯಾದ ಲೀಸ್‌ಬರ್ಗ್‌ನ ಈ ಹುಡುಗ ಮೊದಲು ಕ್ಯಾಚರ್ ಆಗಿರಲಿಲ್ಲ. ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಗೆ ಸೇರಿದಾಗ ಶಾರ್ಟ್‌ಸ್ಟಾಪ್, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಎರಡನೇ ವರ್ಷ ಕೋಚ್‌ಗಳು ಕ್ಯಾಚರ್ ಜಾಗದಲ್ಲಿ ಕೂರಿಸಿದರು. ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ 2008ರ ಡ್ರಾಫ್ಟ್‌ನಲ್ಲಿ ಐದನೆಯವನಾಗಿ ಜೈಂಟ್ಸ್ ಪಾಲಾದ. 2010ರ ಮೇ ಕೊನೆಗೆ ತಂಡದ ಒಳಗೆ ಕಾಯಂ ಆಗಿ ಬಂದ. ಸುಮಾರು ಒಂದು ತಿಂಗಳಿಗೆ ಹಳೇ ಕ್ಯಾಚರ್ ಬೆಂಜಿ ಮೊಲಿನಾನನ್ನು ಟೆಕ್ಸಸ್ ತಂಡಕ್ಕೆ ಕೊಟ್ಟು, ಇವನ ಮೇಲೇ ಭಾರ ಹಾಕಿದರು. ವರ್ಷದ ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಎದುರಾದದ್ದು ಅದೇ ಟೆಕ್ಸಸ್, ಅದೇ ಮೊಲಿನಾ! ಜೈಂಟ್ಸ್ ಗೆದ್ದಿತು. 1958ರಲ್ಲಿ ನ್ಯೂಯಾರ್ಕ್ ಬಿಟ್ಟು ಬಂದ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಗೆದ್ದುಕೊಟ್ಟ ಮೊದಲ ವರ್ಲ್ಡ್ ಸೀರೀಸ್ ಅದು.

ನಾನು ಸನ್ನಿವೇಲ್‌ಗೆ ಬಂದದ್ದು ಆ ವರ್ಷವೇ. ಆಟ ಅರ್ಥವಾಗುತ್ತಿರಲಿಲ್ಲ. ಕಾರಿನ ರೇಡಿಯೋದಲ್ಲಿ ಜಾನ್ ಮಿಲ್ಲರ್ ಅವರ ಕಾಮೆಂಟರಿ ಕೇಳುತ್ತಾ ಕೇಳುತ್ತಾ ಕಲಿತೆ. ಪಕ್ಕದ ಮನೆಯ ಅಜ್ಜಿಯೊಬ್ಬರು ಪೆನ್ಸಿಲ್ ಹಿಡಿದು ಸ್ಕೋರ್ ಬರೆಯುವುದು ಹೇಳಿಕೊಟ್ಟರು. "ಪಿಚರ್‌ನ ನೋಡಬೇಡ, ಕ್ಯಾಚರ್‌ನ ನೋಡು" ಅಂತ ಗದರಿದವರೂ ಅವರೇ. ಇಬ್ಬರಿಗೂ ಥ್ಯಾಂಕ್ಸ್.

2011ರ ಮೇ 25. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಮಾರ್ಲಿನ್ಸ್ ಆಟಗಾರನೊಬ್ಬ ರನ್ನಿಗಾಗಿ ಓಡಿಬಂದು ಪೋಸಿಗೆ ಗುದ್ದಿದ. ಕಾಲಿನ ಮೂಳೆ ಮುರಿಯಿತು, ಪಾದದ ಕೀಲಿನ ಲಿಗಮೆಂಟ್ ಹರಿಯಿತು. ವರ್ಷವೇ ಹೋಯಿತು. ಆಗಿನ ನಿಯಮದಲ್ಲಿ ಅದು ತಪ್ಪಲ್ಲ. ಕ್ಯಾಚರ್‌ಗೆ ಬೇಕಂತಲೇ ಹೋಗಿ ಗುದ್ದಬಾರದು ಅಂತ 2014ರಲ್ಲಿ ನಿಯಮ ಬಂತು. ಜನ ಅದನ್ನು ಇವತ್ತಿಗೂ ಪೋಸಿ ರೂಲ್ ಅನ್ನುತ್ತಾರೆ. ಈಗ ಬೇರೆ ಬೇರೆ ತಂಡಗಳ ಕ್ಯಾಚರ್‌ಗಳ ಕಾಲು ಉಳಿಯುತ್ತಿದೆ, ಅವರೂ ಇವನಿಗೊಂದು ಥ್ಯಾಂಕ್ಸ್ ಹೇಳಬೇಕು.

ಆ ಕಾಲಿನಲ್ಲೇ 2012ರಲ್ಲಿ ಮರಳಿ ಬಂದು .336 ಸರಾಸರಿಯಲ್ಲಿ ಹೊಡೆದ, ನ್ಯಾಷನಲ್ ಲೀಗ್‌ನ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಆದ. ಸಿನ್ಸಿನಾಟಿಯಲ್ಲಿ ಹೊಡೆದ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಎಲ್ಲರಿಗೂ ನೆನಪಿದೆ. ನನಗೆ ಜಾಸ್ತಿ ಇಷ್ಟವಾದದ್ದು ಆ ಜೂನ್ 13ರ ರಾತ್ರಿ. ನಮ್ಮ ಪಿಚರ್ ಮ್ಯಾಟ್ ಕೇನ್ ಹ್ಯೂಸ್ಟನ್ ವಿರುದ್ಧ ಪರ್ಫೆಕ್ಟ್ ಗೇಮ್ ಎಸೆದ. 27 ಜನ ಬಂದರು, 27 ಜನ ಔಟ್, ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಪೋಸಿ ಕೇಳಿದ ಎಸೆತವನ್ನು ಒಂದು ಸಲವೂ ಪ್ರಶ್ನಿಸಲಿಲ್ಲ ಅಂತ ಕೇನ್ ಆಮೇಲೆ ಹೇಳಿದ. ದಾಖಲೆ ಪುಸ್ತಕದಲ್ಲಿ ಪರ್ಫೆಕ್ಟ್ ಗೇಮ್ ಇರುವುದು ಕೇನ್ ಹೆಸರಲ್ಲಿ. ಇರಲಿ.

2014ರ ವರ್ಲ್ಡ್ ಸೀರೀಸ್‌ನಲ್ಲಂತೂ ಪೋಸಿಯ ಬ್ಯಾಟು ಮಲಗಿಬಿಟ್ಟಿತ್ತು. ಆದರೂ ಏಳನೇ ಪಂದ್ಯದಲ್ಲಿ ಪಿಚರ್ ಬಮ್‌ಗಾರ್ನರ್ ಎರಡೇ ದಿನ ಬಿಡುವಿನ ಮೇಲೆ ಬಂದು ಐದು ಇನ್ನಿಂಗ್ಸ್ ಎಸೆದಾಗ ಎದುರು ಕೂತವನು ಇವನೇ. 3-2ರಲ್ಲಿ ಗೆದ್ದರು, ಐದು ವರ್ಷದಲ್ಲಿ ಮೂರನೇ ಸಲ.

ನನ್ನ ನಿಜವಾದ ಋಣ ಇರುವುದು ಅವನು ಆಡದೇ ಇದ್ದ ವರ್ಷಕ್ಕೆ. 2020ರ ಜುಲೈನಲ್ಲಿ ಪೋಸಿ ದಂಪತಿ ಅವಳಿ ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಂಡರು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳು. ಕೋವಿಡ್ ಕಾಲ. ಸಂಬಳ ಹೋದರೆ ಹೋಗಲಿ ಅಂತ ಇಡೀ ಸೀಸನ್ ಬಿಟ್ಟು ಮನೆಯಲ್ಲಿದ್ದ. ಆ ಬೇಸಿಗೆಯಲ್ಲಿ ನಮ್ಮ ಮಗಳೂ ಬೇಗ ಹುಟ್ಟಿ ಎನ್‌ಐಸಿಯುನಲ್ಲಿ (ಕೂಸುಗಳ ತೀವ್ರ ನಿಗಾ ಘಟಕ) ಇದ್ದಳು. ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುತ್ತಿದ್ದರು. ಬಾಣಂತನಕ್ಕೆ ಬರಬೇಕಿದ್ದ ಅಮ್ಮ ಹಾಸನದಲ್ಲೇ ಉಳಿದರು, ವಿಮಾನವಿಲ್ಲ. ಆಫೀಸಿನಲ್ಲಿ ಪ್ರಾಜೆಕ್ಟ್ ಮುಗಿಸುವ ಗಡುವು, ದೊಡ್ಡ ರಜೆ ಕೇಳಲು ಬಾಯಿ ಬರುತ್ತಿರಲಿಲ್ಲ. ಪೋಸಿ ಸುದ್ದಿ ಓದಿದ ಮಾರನೇ ದಿನ ಕೇಳಿದೆ. ಮ್ಯಾನೇಜರ್ ಮುಖ ಗಂಟಿಕ್ಕಿದ್ದು ವಿಡಿಯೋದಲ್ಲೂ ಕಾಣಿಸಿತು. ರಜೆ ಸಿಕ್ಕಿತು.

ಆ ದಿನಗಳಲ್ಲಿ ಗ್ಲಾಸಿನಾಚೆ ಮಗು ತೋರಿಸಿದ ನರ್ಸ್‌ಗಳಿಗೆ, ಬಾಗಿಲ ಬಳಿ ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿಪುಡಿ ಇಟ್ಟು ಬೆಲ್ ಒತ್ತಿ ದೂರ ನಿಲ್ಲುತ್ತಿದ್ದ ಕನ್ನಡ ಕೂಟದ ಅಕ್ಕಂದಿರಿಗೆ ಏನು ಹೇಳಿದರೂ ಕಡಿಮೆಯೇ. ಮಗಳು ಈಗ ಸೋಫಾ ಹತ್ತುತ್ತಾಳೆ, ಇಳಿಯಲು ಬರುವುದಿಲ್ಲ.

ಪೋಸಿ ವಿದಾಯ ಹೇಳುವಾಗ ದೊಡ್ಡ ಮಾತು ಆಡಲಿಲ್ಲ. ದಿನಾ ನೋವು, ಹಾಗಾಗಿ ಆಟದ ಖುಷಿ ಕಡಿಮೆಯಾಗಿದೆ, ನಾಲ್ಕು ಮಕ್ಕಳ ಜೊತೆ ಇರಬೇಕು ಅಂದ. 2018ರಲ್ಲಿ ಸೊಂಟದ ಕೀಲಿಗೂ ಆಪರೇಷನ್ ಆಗಿತ್ತು. ಒಟ್ಟು ಹಿಟ್ ಸರಿಯಾಗಿ 1,500. ಇನ್ನೊಂದಾದರೂ ಹೊಡೆಯಬಾರದಿತ್ತಾ ಅಂತ ನಮ್ಮಂಥವರಿಗೆ ಅನ್ನಿಸುತ್ತದೆ, ಅವನಿಗೆ ಅನ್ನಿಸಿದ ಹಾಗಿಲ್ಲ. ಅಕ್ಟೋಬರ್ 14ರಂದು ಡಾಡ್ಜರ್ಸ್ ವಿರುದ್ಧ ಸೋತದ್ದೇ ಕೊನೇ ಪಂದ್ಯ. ಅಂಪೈರ್ ಕೊಟ್ಟ ಆ ಕೊನೇ ಸ್ಟ್ರೈಕ್ ಬಗ್ಗೆ ನಾನಿಲ್ಲಿ ಬರೆಯಲ್ಲ. ಬರೆದರೆ ಇದು ಥ್ಯಾಂಕ್ಸ್ ಪತ್ರವಾಗಿ ಉಳಿಯುವುದಿಲ್ಲ.

ಇನ್ನು 2022ಕ್ಕೆ ಪೋಸಿ ಜಾಗಕ್ಕೆ ಜೋಯಿ ಬಾರ್ಟ್ ಬರಬಹುದು. 2020ರಲ್ಲಿ ಪೋಸಿ ಇಲ್ಲದಾಗ ಆಡಿದ ಹುಡುಗ. ತಮ್ಮಾ, ಮೊದಲ ಚೆಂಡು ನಿನ್ನ ಗ್ಲೌಸ್ ತಪ್ಪಿ ಹಿಂದೆ ಹೋದ ತಕ್ಷಣ ನಾವೆಲ್ಲ "ಪೋಸಿ ಇದ್ದಿದ್ದರೆ" ಅಂತ ಶುರು ಮಾಡುತ್ತೇವೆ. ಕಿವಿಗೆ ಹಾಕಿಕೊಳ್ಳಬೇಡ. ಏಪ್ರಿಲ್‌ನಲ್ಲಿ ಕ್ಯಾಲ್‌ಟ್ರೇನ್ ಹತ್ತಿ ಮಗಳ ಜೊತೆ ಬರುತ್ತೇನೆ, ಅವಳಿಗೆ ಕ್ಯಾಚರ್‌ನ ನೋಡು ಅಂತಲೇ ಹೇಳಿಕೊಡುತ್ತೇನೆ.