ಪಿರನೀಸ್ ತಪ್ಪಲಿನ ಕೋಟೆಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೇ ತಿಂಗಳಲ್ಲಿ ನೀನು ದಕ್ಷಿಣ ಫ್ರಾನ್ಸಿನ ತುಲೂಸ್‌ಗೆ ಬರುವುದು ಖಚಿತವಾಯಿತೆಂದು ಓದಿ ಬಹಳ ಸಂತೋಷವಾಯಿತು. ಕೋಟೆಗಳ ಪಟ್ಟಿ ಕೇಳಿದ್ದೀಯ, ದೊಡ್ಡವನ್ನು ಮೊದಲು ಹೇಳು ಎಂದಿದ್ದೀಯ. ಹೇಳುತ್ತೇನೆ. ಆದರೆ ನನ್ನನ್ನು ಕೇಳಿದರೆ, ಈ ಸೀಮೆಯಲ್ಲಿ ಕೋಟೆಯನ್ನು ಅದರ ಗಾತ್ರ ನೋಡಿ ಆರಿಸಬಾರದು. ಅಲ್ಲಿ ಬದುಕಿದ್ದ ಜನರ ದನಿ ಎಲ್ಲಿ ಉಳಿದಿದೆಯೋ ಅಲ್ಲಿಗೆ ಮೊದಲು ಹೋಗಬೇಕು.

ತುಲೂಸ್‌ನಿಂದ ಪೂರ್ವಕ್ಕೆ ಹೊರಟರೆ ಹೆದ್ದಾರಿಯ ಪಕ್ಕದಲ್ಲಿ ‘ಕ್ಯಾಥರ್ ನಾಡು’ ಎಂಬ ಫಲಕಗಳು ಸಿಗುತ್ತವೆ. ಕ್ಯಾಥರರು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿ ನೆಲೆಸಿದ್ದ ಕ್ರೈಸ್ತ ಪಂಗಡದವರು. ಈ ಜಗತ್ತನ್ನು ಸೃಷ್ಟಿಸಿದ್ದು ಒಳ್ಳೆಯ ದೇವರಲ್ಲ, ಕೆಡುಕಿನ ಶಕ್ತಿ ಎಂದು ನಂಬಿದ್ದರು. ದೀಕ್ಷೆ ಪಡೆದವರು ಮಾಂಸ, ಮೊಟ್ಟೆ, ಹಾಲು ಮುಟ್ಟುತ್ತಿರಲಿಲ್ಲ, ಪ್ರಾಣಿಯನ್ನು ಕೊಲ್ಲುತ್ತಿರಲಿಲ್ಲ, ಆಣೆ ಇಡುತ್ತಿರಲಿಲ್ಲ. ಹೆಂಗಸರೂ ದೀಕ್ಷೆ ಪಡೆಯಬಹುದಿತ್ತು. ಇವರನ್ನು ಅಳಿಸಲು ಪೋಪ್ ಮೂರನೆಯ ಇನೊಸೆಂಟ್ ಧರ್ಮಯುದ್ಧ ಸಾರಿದ. 1209ರ ಜುಲೈ 22ರಂದು ಬೆಝಿಯೇ ಪಟ್ಟಣ ಬಿತ್ತು. ಸುಮಾರು ಇಪ್ಪತ್ತು ಸಾವಿರ ಜನರನ್ನು ಕೊಂದೆವೆಂದು ಪೋಪನ ಪ್ರತಿನಿಧಿಯೇ ರೋಮ್‌ಗೆ ಬರೆದ. ಸಂಖ್ಯೆ ಉತ್ಪ್ರೇಕ್ಷೆ ಎನ್ನುತ್ತಾರೆ ಇತಿಹಾಸಕಾರರು. ನನ್ನನ್ನು ಕಲಕುವುದು ಅದನ್ನು ಹಾಗೆ ಹೆಮ್ಮೆಯಿಂದ ಬರೆಯಲು ಸಾಧ್ಯವಾಯಿತು ಎನ್ನುವುದು. ಇಪ್ಪತ್ತು ವರ್ಷ ನಡೆದ ಆ ಯುದ್ಧ 1229ರಲ್ಲಿ ಕಾಗದದ ಮೇಲೆ ಮುಗಿಯಿತು. ಆಮೇಲೆ ಬಂದದ್ದು ಧರ್ಮವಿಚಾರಣೆ, ಚರ್ಚು ಒಪ್ಪದ ನಂಬಿಕೆಯವರನ್ನು ಹುಡುಕಿ ಪ್ರಶ್ನಿಸಿ ದಂಡಿಸುವ ವ್ಯವಸ್ಥೆ.

ನೀನು ಚಿತ್ರಗಳಲ್ಲಿ ನೋಡಿ ಮರುಳಾದ ಎರಡು ಕೋಟೆಗಳು ಪೇರ್‌ಪೆರ್ತ್ಯೂಝ್ ಮತ್ತು ಕೆರಿಬ್ಯೂಸ್. ಕೋರ್ಬಿಯೇರ್ ಬೆಟ್ಟಗಳ ಬೋಳು ಸುಣ್ಣಕಲ್ಲಿನ ಏಣುಗಳ ಮೇಲೆ, ಒಂದರಿಂದ ಇನ್ನೊಂದು ಕಾಣುವಂತೆ ನಿಂತಿವೆ. ಪೇರ್‌ಪೆರ್ತ್ಯೂಝ್‌ನ ತುದಿಯ ಕೊತ್ತಲಕ್ಕೆ ಹೋಗಲು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ಒಂದು ಬದಿ ಪೂರ್ತಿ ಪ್ರಪಾತ, ಮೇಲೆ ತ್ರಾಮೊಂತಾನ್ ಗಾಳಿ. ನೀನು ಚಿತ್ರದುರ್ಗದವನು, ಅಕ್ಕತಂಗಿ ಹೊಂಡದ ನೀರು ಸಂತೆಹೊಂಡದವರೆಗೆ ಇಳಿಯುವ ಜಾಡು ಬಲ್ಲವನು. ಇಲ್ಲಿ ನಿನ್ನ ಕಣ್ಣು ತಾನಾಗಿಯೇ ನೀರು ಹುಡುಕುತ್ತದೆ. ಈ ಏಣುಗಳ ಮೇಲೆ ಒರತೆಯಿಲ್ಲ. ಕಾವಲು ಪಡೆ ಬದುಕಿದ್ದು ತೊಟ್ಟಿಗಳಲ್ಲಿ ಹಿಡಿದಿಟ್ಟ ಮಳೆನೀರಿನ ಮೇಲೆ. ತೊಟ್ಟಿಗಳನ್ನು ನೋಡದೆ ಬರಬೇಡ.

ಆದರೆ ಒಂದು ವಿಷಯ ತಿಳಿದಿರಲಿ. ಇವುಗಳನ್ನು ಕ್ಯಾಥರ್ ಕೋಟೆಗಳೆಂದು ಎಲ್ಲರೂ ಕರೆದರೂ, ಇಂದು ನಿಂತಿರುವ ಗೋಡೆಗಳಲ್ಲಿ ಬಹುಪಾಲು ಗೆದ್ದವರದು. 1258ರ ಒಪ್ಪಂದದಲ್ಲಿ ಫ್ರಾನ್ಸ್ ಮತ್ತು ಅರಗಾನ್ ರಾಜರು ಗಡಿ ಗುರುತಿಸಿಕೊಂಡ ಮೇಲೆ ಫ್ರೆಂಚ್ ರಾಜರು ಇವನ್ನು ಗಡಿಕೋಟೆಗಳಾಗಿ ಬಲಪಡಿಸಿದರು. 1659ರಲ್ಲಿ ಗಡಿ ದಕ್ಷಿಣಕ್ಕೆ, ಪಿರನೀಸ್ ಶಿಖರಗಳಿಗೆ ಸರಿಯಿತು. ಕಾಯಲು ಏನೂ ಉಳಿಯದೆ ಕೋಟೆಗಳು ನಿಧಾನವಾಗಿ ಪಾಳುಬಿದ್ದವು. ಅವು ಸುಂದರವಾಗಿವೆ, ಅಲ್ಲಗಳೆಯುವುದಿಲ್ಲ. ಆದರೆ ನಾನು ಎಷ್ಟು ಹೊತ್ತು ಅಲೆದರೂ ಅಲ್ಲಿ ನನಗೆ ಮನುಷ್ಯರು ಸಿಗಲಿಲ್ಲ.

ಮೋಂಸೆಗ್ಯೂರ್‌ಗೆ ಹೋಗು. 1207 ಮೀಟರ್ ಎತ್ತರದ ಒಂಟಿ ಬಂಡೆಗುಡ್ಡ. ರಸ್ತೆಯಿಂದ ಮೇಲಕ್ಕೆ ಅರ್ಧ ಗಂಟೆಯ ಕಡಿದಾದ ಏರು. ಹದಿಮೂರನೆಯ ಶತಮಾನದ ಆರಂಭದಲ್ಲಿ ಕ್ಯಾಥರರ ಕೋರಿಕೆಯಂತೆ ರೇಮೊಂದ್ ದ ಪೆರೇಯ್ ಎಂಬ ಒಡೆಯ ಇದನ್ನು ಮತ್ತೆ ಕಟ್ಟಿಸಿದ. 1242ರಲ್ಲಿ ಇಲ್ಲಿಂದ ಹೊರಟ ಯೋಧರು ಆವಿನ್ಯೋನೆ ಎಂಬಲ್ಲಿ ಧರ್ಮವಿಚಾರಣಾಧಿಕಾರಿಗಳನ್ನು ಕೊಂದರು. ಅದನ್ನೂ ಮರೆಯಬಾರದು, ಈ ಗುಡ್ಡದ ಮೇಲೆ ಕೈಯಲ್ಲಿ ರಕ್ತ ಅಂಟಿದವರೂ ಇದ್ದರು. ಮರುವರ್ಷ ಮೇ ತಿಂಗಳಲ್ಲಿ ರಾಜನ ಸೇನೆ ಮುತ್ತಿಗೆ ಹಾಕಿತು. ಚಳಿಗಾಲದಲ್ಲಿ ಬೆಟ್ಟ ಹತ್ತಬಲ್ಲ ಸೈನಿಕರು ರಾತ್ರಿ ಪೂರ್ವದ ಕಡಿದಾದ ತುದಿಯನ್ನು ಏರಿ ಹಿಡಿದರು. ಅಲ್ಲಿಗೆ ಕಲ್ಲೆಸೆಯುವ ಯಂತ್ರ ಬಂತು. 1244ರ ಮಾರ್ಚ್ ಆರಂಭದಲ್ಲಿ ಕೋಟೆ ಶರಣಾಯಿತು.

ಷರತ್ತು ಹೀಗಿತ್ತು: ಯೋಧರು ಹೋಗಬಹುದು, ನಂಬಿಕೆ ತೊರೆದವರೂ ಹೋಗಬಹುದು, ತೊರೆಯದವರಿಗೆ ಬೆಂಕಿ. ನಿರ್ಧರಿಸಲು ಹದಿನೈದು ದಿನಗಳ ಅವಧಿ. ಆ ಅವಧಿ ಮುಗಿಯುವ ಮುನ್ನ ಸುಮಾರು ಇಪ್ಪತ್ತು ಮಂದಿ ಹೊಸದಾಗಿ ದೀಕ್ಷೆ ಪಡೆದರು. ಅವರಲ್ಲಿ ಸುಮ್ಮನೆ ನಡೆದು ಹೋಗಬಹುದಾಗಿದ್ದ ಯೋಧರಿದ್ದರು. ಒಡೆಯನ ಹೆಂಡತಿ ಕೊರ್ಬಾ ಇದ್ದಳು, ಮಗಳು ಎಸ್ಕ್ಲಾರ್‌ಮೊಂದ್ ಕೂಡ ಬೆಂಕಿಯನ್ನೇ ಆರಿಸಿಕೊಂಡಳು. ಮಾರ್ಚ್ 16ರಂದು ಗುಡ್ಡದ ಬುಡದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಸುಟ್ಟರು. ಹತ್ತುವ ದಾರಿಯ ಪಕ್ಕದ ಹುಲ್ಲುಗಾವಲಿನಲ್ಲಿ ಅವರ ನೆನಪಿನ ಸ್ಮಾರಕ ಕಲ್ಲಿದೆ. ಆ ಇಪ್ಪತ್ತು ಮಂದಿಯನ್ನು ಅರ್ಥ ಮಾಡಿಕೊಳ್ಳಲು ನಾನು ಇಂದಿಗೂ ಪ್ರಯತ್ನಿಸುತ್ತಿದ್ದೇನೆ.

ಮೇಲೆ ನೀನು ನೋಡುವ ಕೋಟೆಯನ್ನು ಕೂಡ ಆಮೇಲೆ ಈ ಭೂಮಿ ಪಡೆದ ಲೆವಿಸ್ ಮನೆತನದವರು ಕಟ್ಟಿಸಿದ್ದು. ಜನ ಒಳಗಿನ ಅಂಗಳದಲ್ಲಿ ಚಿತ್ರ ತೆಗೆದುಕೊಂಡು ಇಳಿದುಬಿಡುತ್ತಾರೆ. ನೀನು ಹಾಗೆ ಮಾಡಬೇಡ. ಗೋಡೆಯ ಹೊರಗೆ ಉತ್ತರದ ಕಡೆ, ಪ್ರಪಾತದ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮನೆಗಳ ತಳಪಾಯಗಳಿವೆ. ಅದು ಕ್ಯಾಥರರ ನಿಜವಾದ ಊರು. ಒಂದೊಂದು ಮನೆಯೂ ನಾಲ್ಕು ಜನ ಕೈಕಾಲು ಚಾಚಲಾಗದಷ್ಟು ಚಿಕ್ಕದು. ಅಲ್ಲಿ ಉತ್ಖನನದಲ್ಲಿ ಸಿಕ್ಕಿದ ಕತ್ತರಿ, ಪಗಡೆಯಾಟದ ದಾಳ, ಬಾಣದ ಮೊನೆಗಳನ್ನು ಕೆಳಗಿನ ಹಳ್ಳಿಯ ಪುಟ್ಟ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಇನ್ನೂ ದಕ್ಷಿಣಕ್ಕೆ, ಎತ್ತರದ ಬಯಲಿನಲ್ಲಿ ಮೋಂತಾಯು ಎಂಬ ಹಳ್ಳಿ. ಅಲ್ಲಿಯ ಕೋಟೆ ಎಂದರೆ ಒಂದು ಮುರಿದ ಗೋಡೆ, ಅಷ್ಟೆ. ಆದರೆ ಯುರೋಪಿನ ಮಧ್ಯಯುಗದ ಹಳ್ಳಿಗರ ಮಾತು ಇಷ್ಟು ಹತ್ತಿರದಿಂದ ಕೇಳಿಸುವ ಜಾಗ ನನಗೆ ಬೇರೆ ಗೊತ್ತಿಲ್ಲ. ಪಾಮಿಯೇ ಪಟ್ಟಣದ ಬಿಷಪ್ ಝಾಕ್ ಫೂರ್ನಿಯೇ 1318ರಿಂದ 1325ರವರೆಗೆ ಇಲ್ಲಿಯವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಹೇಳಿದ್ದೆಲ್ಲವನ್ನೂ ಬರೆಸಿಟ್ಟ. ಮುಂದೆ ಅವನೇ ಪೋಪ್ ಹನ್ನೆರಡನೆಯ ಬೆನೆಡಿಕ್ಟ್ ಆದ. ಆ ದಾಖಲೆ ವ್ಯಾಟಿಕನ್‌ನಲ್ಲಿ ಉಳಿಯಿತು. ಈ ಮುರಿದ ಕೋಟೆಯ ಒಡತಿಯಾಗಿದ್ದ ಬೆಯಾತ್ರಿಸ್ ಎಂಬ ವಿಧವೆಯ ಚೀಲವನ್ನು ತಪಾಸಣೆ ಮಾಡಿದಾಗ ಒಣಗಿದ ಹೊಕ್ಕುಳಬಳ್ಳಿಗಳು ಸಿಕ್ಕವಂತೆ. ಮಾಟವೇ ಎಂದು ಕೇಳಿದ್ದಕ್ಕೆ, ತನ್ನ ಮೊಮ್ಮಕ್ಕಳವು, ಜೊತೆಗಿದ್ದರೆ ವ್ಯಾಜ್ಯದಲ್ಲಿ ಸೋಲುವುದಿಲ್ಲವೆಂದು ಇಟ್ಟುಕೊಂಡಿದ್ದೇನೆ ಎಂದಳು. ಅದನ್ನು ಓದಿದಾಗ ಹೊಕ್ಕುಳಬಳ್ಳಿಯನ್ನು ತಾಯಿತದಲ್ಲಿಟ್ಟು ಕಟ್ಟುವ ನಮ್ಮ ಕಡೆಯ ಅಜ್ಜಿಯರೆಲ್ಲ ನೆನಪಾದರು. ಅವಳು ಸೆರೆಮನೆ ಕಂಡಳು. ಬಿಡುಗಡೆಯಾದ ಮೇಲೆ ಬಟ್ಟೆಯ ಮೇಲೆ ಹಳದಿ ಶಿಲುಬೆ ಧರಿಸುವ ಶಿಕ್ಷೆ ಇತ್ತು.

ಕಲ್ಯಾಣದ ಶರಣರು ಚದುರಿಹೋದದ್ದು ಇದಕ್ಕಿಂತ ಮೊದಲೇ. ಆದರೂ ಅವರ ವಚನಗಳು ಓಲೆಗರಿಗಳಲ್ಲಿ ಉಳಿದವು, ಹಳಕಟ್ಟಿಯಂಥವರು ಮನೆ ಮನೆ ಅಲೆದು ಕೂಡಿಸಿದರು. ಅಕ್ಕನ ಮಾತನ್ನು ನಾವು ಅಕ್ಕನ ಮಾತಿನಲ್ಲೇ ಓದುತ್ತೇವೆ. ಕ್ಯಾಥರರ ಸ್ವಂತ ಗ್ರಂಥಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಉಳಿದದ್ದೆಲ್ಲ ವಿಚಾರಣೆಯ ಗುಮಾಸ್ತರು ಲ್ಯಾಟಿನ್‌ಗೆ ತಿರುಗಿಸಿ ಬರೆದುಕೊಂಡದ್ದು. ಮೋಂತಾಯುವಿನ ಗೋಡೆಯ ಪಕ್ಕ ನಿಂತಾಗಲೆಲ್ಲ ನನಗೆ ಈ ವ್ಯತ್ಯಾಸ ನೋಯಿಸುತ್ತದೆ.

ದಿನ ಉಳಿದರೆ ಪ್ವಿವೇರ್ ನೋಡು. ಅಲ್ಲಿಯ ಗೋಪುರದ ಒಂದು ಕೋಣೆಯಲ್ಲಿ ಕಮಾನುಗಳು ಇಳಿಯುವಲ್ಲಿ ಎಂಟು ಸಂಗೀತಗಾರರನ್ನು ಕೆತ್ತಿದ್ದಾರೆ, ಎಲ್ಲರ ಕೈಯಲ್ಲೂ ಬೇರೆ ಬೇರೆ ವಾದ್ಯ. ಹದಿನಾಲ್ಕನೆಯ ಶತಮಾನದ ಕೆಲಸ. ಇದೂ ಗೆದ್ದವರ ಕೋಟೆಯೇ, ಆದರೆ ಇಲ್ಲಿ ಮನಸ್ಸು ಹಗುರಾಗುತ್ತದೆ.

ತುಲೂಸ್‌ನಿಂದ ಫ್ವಾವರೆಗೆ ರೈಲಿದೆ. ಅಲ್ಲಿಯ ಮೂರು ಗೋಪುರಗಳ ಕೋಟೆ ನಿಲ್ದಾಣದಿಂದ ನಡೆಯುವಷ್ಟು ಹತ್ತಿರ. ಅದರಾಚೆಗೆ ಕಾರು ಬೇಕು. ಹಿಡಿತವಿರುವ ಬೂಟು ತಾ, ಸವೆದ ಸುಣ್ಣಕಲ್ಲು ಮಳೆಯಲ್ಲಿ ಬಹಳ ಜಾರುತ್ತದೆ. ಗುಡುಗು ಬರುವ ಸೂಚನೆಯಿದ್ದರೆ ಏಣಿನ ಕೋಟೆಗಳನ್ನು ಮರುದಿನಕ್ಕೆ ಬಿಡೋಣ. ಟಿಕೆಟ್ ಆದ ಕೂಡಲೇ ದಿನಾಂಕ ತಿಳಿಸು, ನಾನು ರಜೆಗೆ ಬರೆದುಕೊಳ್ಳಬೇಕು. ಮೋಂತಾಯುಗೆ ನಿನ್ನೊಬ್ಬನನ್ನೇ ಕಳಿಸುವುದಿಲ್ಲ.

ನಿನ್ನ ಗೆಳೆಯ