ಕ್ಯಾಪ್ಟನ್‌ಗೆ, ರೈಲಿನ ವಾರದಿಂದ

ಪ್ರೀತಿಯ ಕ್ಯಾಪ್ಟನ್,

ನೀನು ವಾಯ್ಸ್ ಮೆಸೇಜಿನಲ್ಲಿ ನಕ್ಕುನಕ್ಕು "ಹೆಂಡತಿಯ ಡೇ ಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಹೌದಾ" ಅಂತ ಕೇಳಿದ ಪ್ರಶ್ನೆಗೆ ಉತ್ತರ, ಹೌದು. ಶಾರ್ಜಾದ ಗೋಡೌನಿನಲ್ಲಿ ಸ್ಕ್ರೂ, ವಾಷರ್, ಪೈಪು ಎಲ್ಲದರ ಲೆಕ್ಕ ಇಟ್ಟವನು ಈಗ ಕಾಸರಗೋಡು ವಿದ್ಯಾನಗರದ ಮನೆಯ ಜಗಲಿಯಲ್ಲಿ ಕೂತು ಎಕ್ಸೆಲ್ ಶೀಟಿನಲ್ಲಿ "ಬರುವ ವಾರ: ಕಪ್ಪೆ" ಅಂತ ಟೈಪ್ ಮಾಡುತ್ತಿದ್ದಾನೆ. ರೂಮಿನವರಿಗೆಲ್ಲ ಓದಿ ಹೇಳು. ಹೇಗೂ ಇದನ್ನು ಎಲ್ಲರಿಗೂ ಕಾಣುವ ಹಾಗೆಯೇ ಹಾಕುತ್ತಿದ್ದೇನೆ, ಇನ್ನು ಮುಚ್ಚಿಡುವುದೆಂತ? ಎಂಟನೇ ನಂಬರ್ ಶೆಲ್ಫಿನ ವಿಷಯ ಮಾತ್ರ ಬರೆಯುವುದಿಲ್ಲ, ಹೆದರಬೇಡ.

ಡೇ ಕೇರ್ ಇವಳದ್ದು. ನಾನು ಅಲ್ಲಿರುವಾಗಲೇ ಶುರು ಮಾಡಿದ್ದು ನಿನಗೆ ಗೊತ್ತುಂಟು. ಸಿವಿಲ್ ಸ್ಟೇಷನ್ನಿನವರು, ಬ್ಯಾಂಕಿನವರು, ನರ್ಸುಗಳು ಬೆಳಿಗ್ಗೆ ಮಗು ಬಿಟ್ಟು ಹೋಗುತ್ತಾರೆ. 2017ರ ತಿದ್ದುಪಡಿಯ ಮೇಲೆ ಖಾಸಗಿ ಕೆಲಸದವರಿಗೂ ಹೆರಿಗೆ ರಜೆ 26 ವಾರ ಆಯಿತಲ್ಲ, 27ನೇ ವಾರಕ್ಕೆ ಮಗು ನಮ್ಮ ಚಾಪೆಯ ಮೇಲೆ. ಅಲ್ಲಿಂದ ಮೂರು ವರ್ಷ ತುಂಬುವವರೆಗಿನವು ಎಲ್ಲ ಇವೆ. ಒಬ್ಬನ ಮನೆಯಲ್ಲಿ ಮಲಯಾಳ, ಒಬ್ಬಳದ್ದು ತುಳು, ಇನ್ನೊಂದು ಬ್ಯಾರಿ, ಮತ್ತೊಂದು ಕೊಂಕಣಿ. ಅಳು ಮಾತ್ರ ಎಲ್ಲರದ್ದೂ ಒಂದೇ. ಮಲಯಾಳಿ ಅಪ್ಪ ಅಮ್ಮಂದಿರು ನನ್ನನ್ನು "ಮಾಷೇ" ಅಂತ, ಅಂದರೆ ಮೇಷ್ಟ್ರೇ ಅಂತ, ಕರೆಯುತ್ತಾರೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ಬಂದ ಮಾರ್ಕು ಗೊತ್ತಿರುವ ನೀನು ದಯವಿಟ್ಟು ಕಮೆಂಟಿನಲ್ಲಿ ಬಾಯಿ ಬಿಡಬೇಡ.

ಊರಿಗೆ ಬಂದ ಹೊಸತರಲ್ಲಿ ಇವಳು ನನಗೆ ಕೊಟ್ಟ ಕೆಲಸ ಲಂಗೋಟಿ ಒಣಗಿಸುವುದು. ಜೂನ್ ಮಳೆಗೆ ಅದು ಒಣಗುವ ಬಾಬತ್ತಲ್ಲ. ಎರಡು ದಿನ ಬಿಟ್ಟು "ನೀವು ಪ್ಲಾನಿಂಗ್ ನೋಡಿಕೊಳ್ಳಿ" ಅಂದಳು. ಬಡ್ತಿ ಅಂದುಕೊಂಡೆ. ವಾರ, ಥೀಮು, ಬಣ್ಣ, ಹಾಡು, ಕೈಕೆಲಸ, ಹೊರಗಿನ ಆಟ, ತಿಂಡಿ ಅಂತ ಕಾಲಂ ಹಾಕಿ, ಅರ್ಧ ಅರ್ಧ ಗಂಟೆಗೆ ಒಂದೊಂದು ಚಟುವಟಿಕೆ ಇಟ್ಟು ಮಾರ್ಚ್‌ವರೆಗೆ ತುಂಬಿಸಿಬಿಟ್ಟೆ. ಇವಳು ನೋಡಿ, "ಅರ್ಧ ಗಂಟೆ? ಎರಡು ವರ್ಷದ ಮಗು ಒಂದರ ಹತ್ತಿರ ಐದು ನಿಮಿಷ ಕೂತರೆ ಜ್ವರ ಉಂಟಾ ಅಂತ ಮುಟ್ಟಿ ನೋಡಬೇಕು" ಅಂದಳು.

ಥೀಮು ಅಂದರೆ ದೊಡ್ಡದೇನಲ್ಲ ಮಾರಾಯ. ಮಳೆಯ ವಾರ ಅಂದರೆ ಅಡಿಕೆ ಹಾಳೆಯಲ್ಲಿ ಒಬ್ಬನನ್ನು ಕೂರಿಸಿ ಜಗಲಿಯುದ್ದಕ್ಕೂ ಎಳೆಯುವುದು, ಬಕೆಟಿಗೆ ಬೀಳುವ ಮಾಡಿನ ನೀರಿನ ಸದ್ದು ಕೇಳಿಸುವುದು. ಆರು ತಿಂಗಳಿನದ್ದಕ್ಕೆ ಸದ್ದು ಸಾಕು, ಎರಡು ವರ್ಷದ್ದಕ್ಕೆ ಲೋಟದಲ್ಲಿ ತುಂಬಿಸಿ ಚೆಲ್ಲುವ ಕೆಲಸ ಬೇಕು. ವಿಷಯ ಒಂದೇ, ಪಾಲು ಬೇರೆ ಬೇರೆ. ಆಟಿಯ ವಾರಕ್ಕೆ ಪತ್ರೊಡೆ. ಎಲೆ ತೊಳೆಯುವುದು ಮಕ್ಕಳು, ಹಿಟ್ಟು ಬಳಿಯುವುದು ಇವಳು, ತಿನ್ನುವುದು ಬಹುತೇಕ ನಾನು. 2024ರಲ್ಲಿ ಕೇಂದ್ರ ಸರಕಾರದವರು "ನವಚೇತನ" ಅಂತ, ಹುಟ್ಟಿದಲ್ಲಿಂದ ಮೂರು ವರ್ಷದ ಮಕ್ಕಳಿಗಾಗಿ 36 ತಿಂಗಳಿಗೆ 140 ಚಟುವಟಿಕೆ ಹಾಕಿಕೊಟ್ಟಿದ್ದಾರೆ. ನಾನು ಅದನ್ನು ಭಕ್ತಿಯಿಂದ ಓದಿ ಹೇಳಿದೆ. "ಇದರಲ್ಲಿ ಅರ್ಧ ನನ್ನ ಅಜ್ಜಿ ಮಾಡುತ್ತಿದ್ದದ್ದೇ" ಅಂದಳು ಇವಳು. ಅವಳ ಪ್ರಕಾರ ಥೀಮು ಇರುವುದು ಮಕ್ಕಳಿಗಲ್ಲ, ದೊಡ್ಡವರಿಗೆ ಬೇಸರ ಬಾರದಿರಲಿಕ್ಕೆ. ಮಕ್ಕಳು ನಿಡೋ ಹಾಲಿನ ಪುಡಿಯ ಡಬ್ಬಿಯನ್ನು ಇಡೀ ವರ್ಷ ಬಡಿಯುತ್ತಾವೆ, ಬೇರೆ ಎಂತದೂ ಬೇಡ. (ನಮ್ಮ ರೂಮಿನ ಡಬ್ಬಿಗಳೇ. ಕಾರ್ಗೋ ದುಡ್ಡು ಈಗ ಸಾರ್ಥಕ.)

ನಾನು ಸೇರಿಸಿದ್ದು ಒಂದೇ ಕಾಲಂ: "ಬಾಯಿಗೆ ಹಾಕಿದರೆ?" ಅದಕ್ಕೆ ಮಾತ್ರ ಇವಳು ಮೆಚ್ಚಿದಳು. ಗುಲಗಂಜಿ ನೋಡಲಿಕ್ಕೆ ಎಷ್ಟು ಚಂದ, ಒಳಗೆ ವಿಷ, ಅದು ಹೊರಗೆ. ಕಡ್ಲೆಬೀಜ ಹೊರಗೆ. ಇಡೀ ದ್ರಾಕ್ಷಿ ಹೊರಗೆ, ಉದ್ದಕ್ಕೆ ಸೀಳಿದರೆ ಒಳಗೆ. ಓಣಂ ಮೊದಲಿನ ಹೂವಿನ ವಾರದಿಂದ ಕಣಗಿಲೆ ತೆಗೆದೆ. 2024ರ ಮೇಯಲ್ಲಿ ಕೇರಳದ ದೇವಸ್ವಂ ಬೋರ್ಡಿನವರೇ ನೈವೇದ್ಯ ಪ್ರಸಾದಕ್ಕೆ ಅದು ಬೇಡ ಅಂತ ನಿಲ್ಲಿಸಿದ ಮೇಲೆ ನಮ್ಮ ಪೂಕಳಕ್ಕೆ, ಹೂವಿನ ರಂಗೋಲಿಗೆ, ಯಾಕೆ? ಚೆಂಡುಹೂ, ದಾಸವಾಳ ಸಾಕು.

ನವೆಂಬರ್ ಮೊದಲ ವಾರಕ್ಕೆ ಬಂದಾಗ ಕೈ ನಿಂತಿತು. 1ನೇ ತಾರೀಕು ತಲಪಾಡಿ ಗಡಿಯಿಂದ ಆಚೆ ಕನ್ನಡ ರಾಜ್ಯೋತ್ಸವ, ಈಚೆ ಕೇರಳಪ್ಪಿರವಿ, ಕೇರಳ ಹುಟ್ಟಿದ ದಿನ. ಎರಡೂ 1956ರ ಅದೇ ದಿನದ್ದು. ಯಾವುದು ಹಾಕಿದರೂ ಸಂಜೆ ಗೇಟಿನ ಹತ್ತಿರ ಯಾರಾದರೂ ಒಬ್ಬರ ಮುಖ ಸಣ್ಣದಾಗುತ್ತದೆ, ನನ್ನದೂ ಸೇರಿ. ಯೋಚಿಸಿ ಯೋಚಿಸಿ "ಬಾಳೆಹಣ್ಣು" ಅಂತ ಹಾಕಿ ಕೈ ತೊಳೆದುಕೊಂಡೆ. ಇವಳು ಓದಿ, "ಹಳದಿ ಬಾಳೆಹಣ್ಣಿನ ಪಕ್ಕ ಕೆಂಪು ಕದಳಿ ಇಡಬೇಡಿ, ಬಾವುಟ ಆಗುತ್ತದೆ" ಅಂದಳು. ಇಡುವುದು ಅಂತಲೇ ತೀರ್ಮಾನಿಸಿದ್ದೇನೆ. ಹೋರಾಟ ಅಂದರೆ ನನ್ನಿಂದ ಆಗುವುದು ಇಷ್ಟೇ.

ಈಗ ರೈಲಿನ ವಾರ. 2023ರ ಏಪ್ರಿಲಿನಲ್ಲಿ ಕೇರಳದ ಮೊದಲ ವಂದೇ ಭಾರತ್ ಕಾಸರಗೋಡಿನವರೆಗೆ ಓಡಿದಾಗಿನಿಂದ ಇಲ್ಲಿಯ ಮಕ್ಕಳಿಗೆ ರೈಲಿನ ಹುಚ್ಚು ಹೆಚ್ಚು. ಡಬ್ಬಿಗಳಿಗೆ ತೂತು ಕೊರೆದು ಹಗ್ಗ ಪೋಣಿಸಿ ರೈಲು ಮಾಡಿದೆ. ಗುರುವಾರ ಒಬ್ಬ ಹುಡುಗ, ಹದಿನಾಲ್ಕು ತಿಂಗಳಿನವನು, ಅವನಮ್ಮ ದಿನಾ "ಇನ್ನೂ ನಡೆಯುವುದಿಲ್ಲವಲ್ಲ ಮಾಷೇ" ಅಂತ ತಲೆಬಿಸಿ ಮಾಡುತ್ತಿದ್ದವನು, ಇಂಜಿನ್ ಡಬ್ಬಿ ಬಿಟ್ಟು ಎದ್ದು ನಿಂತು ಕಿಟಕಿಯವರೆಗೆ ನಡೆದೇಬಿಟ್ಟ. ನಾನು ಫೋನ್ ತೆಗೆದು ಕೊನೆಯ ಮೂರು ಹೆಜ್ಜೆ ವಿಡಿಯೋ ಮಾಡಿದೆ. ಅಮ್ಮಂದಿರ ಗ್ರೂಪಿಗೆ ಹಾಕಬೇಕು ಅನ್ನುವಷ್ಟರಲ್ಲಿ ಇವಳು ಫೋನ್ ಕಸಿದುಕೊಂಡು ಅಳಿಸಿಬಿಟ್ಟಳು.

"ನಾವು ನೋಡಲಿಲ್ಲ" ಅಂದಳು.

ಇದು ಇಲ್ಲಿಯ ನಿಯಮವಂತೆ. ಮೊದಲ ಹೆಜ್ಜೆ, ಮೊದಲ ಮಾತು, ಯಾವುದನ್ನೂ ನಾವು ಹೇಳಬಾರದು. ಸಂಜೆ ಮನೆಯಲ್ಲಿ ಹೇಗೂ ಮತ್ತೆ ಮಾಡುತ್ತಾವೆ, ಅವರ ಪಾಲಿಗೆ ಅದೇ ಮೊದಲು. ಸಂಜೆ ಅಮ್ಮ ಬಂದು "ಎಂತ ವಿಶೇಷ?" ಅಂತ ಕೇಳಿದಾಗ "ಗಂಜಿ ಪೂರ್ತಿ ಉಂಡ" ಅಂದೆ. ಮರುದಿನ ಬೆಳಿಗ್ಗೆ ಅವಳು ಗೇಟಿನಿಂದಲೇ "ಮಾಷೇ, ನಡೆದ!" ಅಂತ ಕೂಗಿಕೊಂಡು ಬಂದಳು. ಇವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಬಾಯಿಯ ಮೇಲೆ ಕೈ ಇಟ್ಟು, ಕಣ್ಣು ಅರಳಿಸಿ, "ಹೌದಾ? ಯಾವಾಗ? ಎಲ್ಲಿ?" ಅಂದಳು. ಎಂಥ ಅಭಿನಯ! ಕುಂಬಳೆ ನಾಡಿನ ಹೆಣ್ಣು, ಯಕ್ಷಗಾನ ರಕ್ತದಲ್ಲಿಯೇ ಬಂದಿರಬೇಕು ಅಂತ ನಗುತ್ತಾ ನಿಂತವನಿಗೆ ಥಟ್ಟನೆ ಒಂದು ಸಂಶಯ ಬಂತು. ಈ ಮುಖವನ್ನು ನಾನು ಮೊದಲು ಎಲ್ಲಿಯೋ ನೋಡಿದ್ದೇನೆ.

ನಿನಗೆ ಎಲ್ಲ ಕಥೆ ಗೊತ್ತುಂಟು, ಅದಕ್ಕೇ ನಿನಗೆ ಬರೆಯುವುದು. ನಮ್ಮ ಮಗಳು ನಡೆದ ಸುದ್ದಿ ನನಗೆ ಕಾಲಿಂಗ್ ಕಾರ್ಡಿನಲ್ಲಿ ಬಂದದ್ದು. ನನ್ನ ಬಾಯಿಂದ ಹೊರಟ ಮಾತು "ಎಷ್ಟು ಹೆಜ್ಜೆ?" ಸ್ಟೋರ್‌ಕೀಪರ್ ಬುದ್ಧಿ. ಆಮೇಲೆ ಮಾತು ಹೊರಡಲಿಲ್ಲ. ಕಾರ್ಡಿನಲ್ಲಿ ದುಡ್ಡಿತ್ತು, ಇಬ್ಬರೂ ಸುಮ್ಮನೆ ಹಿಡಿದುಕೊಂಡಿದ್ದೆವು. ಅವತ್ತು ಮೆಸ್ಸಿಗೆ ಬರಲಿಲ್ಲ ಅಂತ ನೀನೇ ಕುಬ್ಬೂಸ್ ತಂದು ಇಟ್ಟದ್ದು.

ಅದಾದ ಮೇಲೆ ನೋಡು, ಫೋನಿನಲ್ಲಿ ಒಂದೇ ಒಂದು "ಮೊದಲು" ಬರಲಿಲ್ಲ. ಎಲ್ಲ ನನ್ನ ರಜೆಯಲ್ಲೇ ಆಯಿತು. ಮೆಟ್ಟಿಲು ಹತ್ತಿದ್ದು ನನ್ನ ಎದುರು. ಸ್ಲೇಟಿನಲ್ಲಿ "ಅ" ಬರೆದದ್ದು ನನ್ನ ಎದುರು. ನಾನು ಕೊಡಿಸಿದ ಸೈಕಲ್ಲಿನಲ್ಲಿ ಮೊದಲ ದಿನವೇ ಬೀಳದೆ ಗೇಟಿನವರೆಗೆ ಹೋಗಿ ತಿರುಗಿಸಿಕೊಂಡು ಬಂದಳು. ಪ್ರತಿಸಲವೂ ಇವಳು ಬಾಯಿಯ ಮೇಲೆ ಕೈ ಇಟ್ಟು, ಕಣ್ಣು ಅರಳಿಸಿ, "ನೋಡಿ, ನಿಮಗೋಸ್ಕರ ಕಾದಿದ್ದಳು!" ಅನ್ನುತ್ತಿದ್ದಳು. ನಾನು ಎರಡು ವರ್ಷಕ್ಕೊಮ್ಮೆ ಬರುವ ಭಾಗ್ಯಶಾಲಿ ಅಪ್ಪ. ರೂಮಿಗೆ ಬಂದು ನಿಮಗೆಲ್ಲ ಎಷ್ಟು ಸಲ ಕೊಚ್ಚಿಕೊಂಡಿಲ್ಲ? ಮೊದಲ ದಿನವೇ ಬೀಳದೆ ಸೈಕಲ್ ಬಿಡುವ ಮಗು ಉಂಟಾ ಕ್ಯಾಪ್ಟನ್? ಅವಳ ಮೊಣಕಾಲಿನಲ್ಲಿ ಒಣಗಿದ ಗಾಯ ಇತ್ತು, ನಾನೇ ಕೊಡಾಲಿ ತೈಲ ಬೇಕಾ ಅಂತ ಕೇಳಿದ್ದೆ.

ಇವಳನ್ನು ಕೇಳಿದೆ. "ಕಪ್ಪೆಗೆ ಹಸಿರು ಬಣ್ಣ ತಂದಿರಾ?" ಅಂದಳು. ಮಂಗಳೂರಿನ ಹಾಸ್ಟೆಲಿಗೆ ಫೋನ್ ಮಾಡಿ ಮಗಳನ್ನು ಕೇಳಿದೆ. "ಸೈಕಲ್ಲಾ? ಅದು ಆಚೆಮನೆ ಅಣ್ಣನ..." ಅಂತ ಶುರು ಮಾಡಿ, ಒಂದು ಗಳಿಗೆ ನಿಂತು, "ನೆನಪಿಲ್ಲ ಅಪ್ಪ, ನೀವೇ ಕಲಿಸಿದ್ದಲ್ವಾ" ಅಂದಳು. ಅವಳಿಗೂ ಪಾತ್ರ ಕೊಟ್ಟಿದ್ದಾಳೆ ಇವಳು.

ಸಂತೋಷಪಡಬೇಕಾ, ಸಿಟ್ಟು ಮಾಡಬೇಕಾ ತಿಳಿಯುವುದಿಲ್ಲ. ಕೆಲವು ಹೊತ್ತು ಸಿಟ್ಟೇ ಬರುತ್ತದೆ. ಸೀಲ್ ಒಡೆದು ಮತ್ತೆ ಅಂಟಿಸಿದ ಪೆಟ್ಟಿಗೆಗೆ ಹೊಸ ಮಾಲೆಂದು ಸಹಿ ಹಾಕಿಸಿಕೊಂಡ ಹಾಗೆ. ಇನ್ನು ಕೆಲವು ಹೊತ್ತು, ಅಷ್ಟೂ ವರ್ಷ ಒಂದೊಂದನ್ನೂ ಒಬ್ಬಳೇ ನೋಡಿ, ಯಾರಿಗೂ ಹೇಳದೆ, ನನ್ನ ಟಿಕೆಟಿನ ತಾರೀಕಿಗೆ ಕಾದು ಮತ್ತೊಮ್ಮೆ ಮಾಡಿಸಿದಳಲ್ಲ, ಆಗ ಇವಳು ಯಾರ ಹತ್ತಿರ ಸಂತೋಷಪಟ್ಟಿರಬಹುದು ಅಂತ ಕಾಣುತ್ತದೆ. ಮಕ್ಕಳು ಮಲಗಿದ ಹೊತ್ತಿಗೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಕೂತಿದ್ದೆ. ಎಷ್ಟು ಹೊತ್ತು ಅಂತ ಬರೆಯುವುದಿಲ್ಲ. ಟ್ಯಾಂಕಿ ಖಾಲಿಯಾಯಿತು ಅಂತ ಬೈಗುಳ ತಿಂದೆ.

ಇಷ್ಟು ಬರೆದ ಮೇಲೆ ನೆನಪಾಯಿತು, ನೀನು ಡಿಸೆಂಬರಿನಲ್ಲಿ ನೀರ್ಚಾಲಿಗೆ ಬರುವವನು, ನಿನ್ನ ಮಗನಿಗೆ ಈಗ ಎಂಟು ತಿಂಗಳು. ಮೇಲಿನ ನಾಲ್ಕು ಪ್ಯಾರಾ ನೀನು ಓದಲಿಲ್ಲ. ತಿಳಿಯಿತಾ? ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದಲ್ಲಿ ಮಕ್ಕಳು ತಾವಾಗಿ ನಡೆಯುವುದು 8.2 ತಿಂಗಳಿನಿಂದ 17.6 ತಿಂಗಳಿನ ಒಳಗೆ, ಹಾಗಾಗಿ ಡಿಸೆಂಬರಿನಲ್ಲಿ ನಿನ್ನ ಎದುರೇ ಮೊದಲ ಹೆಜ್ಜೆ ಇಡುವುದು ಲೆಕ್ಕದ ಪ್ರಕಾರ ಸಾಧ್ಯವೇ. ಇಟ್ಟರೆ ಕುಣಿ. ಮೊಣಕಾಲು ನೋಡಬೇಡ. ಬೋಟಿಮ್ ವಿಡಿಯೋ ಕಾಲಿನಲ್ಲಿ ನಿನ್ನ ಮುಖ ತೋರಿಸಿದರೆ ಮಗುವಿಗೆ ಕೆಟ್ಟದಾ ಅಂತ ಕೇಳಿದ್ದೆಯಲ್ಲ, ಅದಕ್ಕೂ ಉತ್ತರ ಉಂಟು. ಹದಿನೆಂಟು ತಿಂಗಳ ಒಳಗಿನವಕ್ಕೆ ಸ್ಕ್ರೀನ್ ಬೇಡ ಅಂತ ಬರೆದ ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ 2016ರಲ್ಲಿಯೇ ವಿಡಿಯೋ ಕಾಲ್ ಒಂದಕ್ಕೆ ವಿನಾಯಿತಿ ಕೊಟ್ಟಿದೆ. ನಿನ್ನ ಮುಖ ನೋಡದೆ ಬರೆದದ್ದು, ಆದರೂ ಬರೆದದ್ದು ಬರೆದದ್ದೇ.

ಎಕ್ಸೆಲ್ ಫೈಲ್ ಇವತ್ತೇ ಕಳಿಸುತ್ತೇನೆ, ಆ ತಾರೀಕಿನ ಫಾರ್ಮುಲಾ ಒಂದು ಸರಿ ಮಾಡಿಕೊಡು. ಭಾನುವಾರವನ್ನೂ ಎಣಿಸಿ ಎಣಿಸಿ ನನ್ನ ಓಣಂ ಹೂವಿನ ವಾರ ದೀಪಾವಳಿಯ ಮೇಲೆ ಹೋಗಿ ಕೂತಿದೆ, ಮತ್ತು ಇವಳು ಅದನ್ನು ಪ್ರಿಂಟ್ ತೆಗೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ, ಬಂದವರಿಗೆಲ್ಲ ತೋರಿಸಲಿಕ್ಕೆ.

ನಿನ್ನ,
ಮಾಷ್ (ನಗಬೇಡ)