ಬದಿಯಡ್ಕದ ಪಂಕ್ಚರ್ ಅಂಗಡಿಯ ಅಣ್ಣನಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ. ತಪ್ಪು ನನ್ನದೇ.

ಅಕ್ಕ ಇರುವುದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಎರಡು ವಾರ ಅವಳ ಮನೆ, ನಡುವೆ ಒಂದೇ ಒಂದು ದಿನ ಓಬನ್ ಕಡೆಯ ಕಡಲಲ್ಲಿ ಸ್ಕೂಬಾ ಡೈವಿಂಗ್ ಎಂದು ಲೆಕ್ಕ ಹಾಕಿದ್ದೆ. "ಅಕ್ಕನನ್ನು ನೋಡ್ಲಿಕ್ಕೋ, ಮೀನು ನೋಡ್ಲಿಕ್ಕೋ?" ಎಂದಿದ್ದರು ಅಮ್ಮ. ಅಲ್ಲಿ ಮೇ ತಿಂಗಳಲ್ಲೂ ನೀರು 10 ಡಿಗ್ರಿ ಆಸುಪಾಸು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗಿಗೆ ಹಾಕುವ ತೆಳು ಸೂಟು ಸಾಲದು. ಮೈಗೆ ನೀರೇ ತಾಗದ ಡ್ರೈಸೂಟ್ ಬೇಕು. ಗೆಳೆಯನ ಹಳೆಯದನ್ನು ತಂದೆ. ಗುಡ್ಡಕ್ಕೆ ಅಡ್ಡವಾಗಿ ನೀರಿಗೆಂದು ಕೊರೆದ ನಮ್ಮ ಸುರಂಗದ ನೀರು ಬೀಳುವ ಕೆರೆಯಲ್ಲಿ ಇಳಿದು ನೋಡಿದರೆ ಎಡಗಾಲು ಒದ್ದೆ! ವಿಮಾನಕ್ಕೆ ಮೂರೇ ದಿನ.

ಸೂಟನ್ನು ನಿಮ್ಮ ಅಂಗಡಿಗೆ ತಂದಾಗ ನೀವು ನಗಲಿಲ್ಲ. ಬಂದವರೆಲ್ಲ ನಕ್ಕಿದ್ದರು, ಬಿಡಿ. ಗಾಳಿ ಹೊರಹೋಗದಂತೆ ಸೂಟಿನ ಎರಡೂ ತೋಳಿಗೆ ಸೋಡಾ ಬಾಟಲಿ, ಕುತ್ತಿಗೆಗೆ ನಿಮ್ಮ ಮಗನ ಚೆಂಡು ತುರುಕಿದಿರಿ. "ಕಂಪ್ರೆಸರ್ ಬೇಡ, ಹರಿದೀತು" ಎಂದು ಸೈಕಲ್ ಪಂಪಿನಿಂದ ಮೆಲ್ಲ ಗಾಳಿ ತುಂಬಿದಿರಿ. ಸಾಬೂನು ನೀರು ಸವರುತ್ತಾ ಬಂದಾಗ ಮೊಣಕಾಲಿನ ಹೊಲಿಗೆಯಲ್ಲಿ ಸಣ್ಣ ಗುಳ್ಳೆ. ಅಷ್ಟೇ, ಸೂಜಿಮೊನೆಯಷ್ಟು ತೂತು.

ಟ್ಯೂಬಿನ ಪ್ಯಾಚ್ ಇದಕ್ಕೆ ಆಗದು ಎಂದು ನೀವೇ ಹೇಳಿದಿರಿ. ನನ್ನ ಬಳಿಯಿದ್ದ ಡ್ರೈಸೂಟ್ ಅಂಟನ್ನೇ ಒಳಗಿನಿಂದ ಹಚ್ಚಿದಿರಿ. ಮಳೆ ಬರಬಹುದೆಂದು ರಾತ್ರಿ ನಿಮ್ಮ ಮನೆಯ ಫ್ಯಾನಿನ ಕೆಳಗೆ ತೂಗುಹಾಕಿದಿರಿ. ಮಕ್ಕಳು ಹೆದರಿದರಂತೆ! ತೆಗೆದುಕೊಂಡದ್ದು ಒಂದು ಪಂಕ್ಚರಿನ ದುಡ್ಡು.

ಓಬನ್‌ನಲ್ಲಿ ನಲವತ್ತು ನಿಮಿಷ ನೀರಿನಲ್ಲಿದ್ದೆ. ಮುಖ ಮರಗಟ್ಟಿತು. ಎಡಗಾಲಿನ ಕಾಲುಚೀಲ ಮಾತ್ರ ಒಣಗಿಯೇ ಇತ್ತು. ಚೆಂಡು ನನ್ನ ಬ್ಯಾಗಿನಲ್ಲೇ ಉಳಿದಿದೆ, ಊರಿಗೆ ಬಂದಾಗ ತರುತ್ತೇನೆ.